ಜರಾಸಂಧ ಮತ್ತು ಟುವಿಕ್ಸ್

1996ರ ಮೇ 6ರಂದು ಅಮೆರಿಕದಲ್ಲಿ ಪ್ರಸಾರವಾದ ಒಂದು ಟೀವಿ ಕಂತಿನ ಕುರಿತ ಜಗಳ ಇನ್ನೂ ಮುಗಿದಿಲ್ಲ. ಸ್ಟಾರ್ ಟ್ರೆಕ್ ನೋಡುವ ಇಬ್ಬರು ಎಲ್ಲೇ ಸೇರಲಿ, ಮಾತು ಒಂದಿಷ್ಟು ದೂರ ಹೋದ ಮೇಲೆ ಒಬ್ಬರು ಕೇಳಿಯೇ ಕೇಳುತ್ತಾರೆ: ಕ್ಯಾಪ್ಟನ್ ಜೇನ್‌ವೇ ಮಾಡಿದ್ದು ಕೊಲೆಯೋ, ಅಲ್ಲವೋ? ಗದುಗಿನಲ್ಲಿ ಇಂಥವರು ಇದ್ದಾರೆಯೇ ಎಂದು ನಿಮಗೆ ಅನ್ನಿಸಬಹುದು. ನನಗೆ ಗೊತ್ತಿರುವಂತೆ ನಾಲ್ಕು ಮಂದಿ ಇದ್ದೇವೆ. ನಾನು ಧಾರವಾಡದಲ್ಲಿ ನೀತಿಶಾಸ್ತ್ರದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಒಬ್ಬ ಗದುಗಿನ ಕೋರ್ಟಿನಲ್ಲಿ ಜೂನಿಯರ್ ವಕೀಲ, ಒಬ್ಬಳು ಮುಂಡರಗಿ ಕಡೆ ನರ್ಸು, ಇನ್ನೊಬ್ಬ ಬೆಟಗೇರಿಯಲ್ಲಿ ಅಪ್ಪನ ಸೀರೆ ಅಂಗಡಿ ನೋಡಿಕೊಳ್ಳುತ್ತಾನೆ. 1966ರಲ್ಲಿ ಶುರುವಾಗಿ ಬೇರೆ ಬೇರೆ ಹೆಸರಿನಲ್ಲಿ ಬೆಳೆಯುತ್ತ ಬಂದ ಈ ಸರಣಿ ಕಾಲೇಜಿನ ದಿನಗಳಲ್ಲಿ ಹಾರ್ಡ್‌ಡಿಸ್ಕಿನಿಂದ ಹಾರ್ಡ್‌ಡಿಸ್ಕಿಗೆ ದಾಟಿ ನಮ್ಮ ತನಕ ಬಂತು. ನಾವು ವಾರಕ್ಕೊಂದು ಕಂತು ನೋಡುತ್ತೇವೆ, ಆಮೇಲೆ ಫೋನಿನಲ್ಲೋ ರವಿವಾರ ಊರಿಗೆ ಬಂದಾಗ ಎದುರಾಬದುರು ಕೂತೋ ಜಗಳಾಡುತ್ತೇವೆ. ಈ ಕಂತಿನ ಜಗಳ ಮಾತ್ರ ಮೂರು ತಿಂಗಳು ನಡೆಯಿತು.

ನೋಡದವರಿಗಾಗಿ ಕಥೆ ಹೇಳುತ್ತೇನೆ. ವಾಯೇಜರ್ ಎಂಬ ಆಕಾಶನೌಕೆ ಮನೆಯಿಂದ ಎಪ್ಪತ್ತು ಸಾವಿರ ಜ್ಯೋತಿರ್ವರ್ಷ ಆಚೆ ಸಿಕ್ಕಿಕೊಂಡಿದೆ. ನೆಟ್ಟಗೆ ಹೊರಟರೂ ವಾಪಸಾಗಲು ಎಪ್ಪತ್ತೈದು ವರ್ಷ ಬೇಕು. ನೌಕೆಯ ಭದ್ರತಾ ಅಧಿಕಾರಿ ಟುವಾಕ್, ನಗು ಗೊತ್ತಿಲ್ಲದ, ತರ್ಕವೇ ಧರ್ಮವಾದ ವಲ್ಕನ್ ಕುಲದವನು. ಅಡುಗೆಯವನು ನೀಲಿಕ್ಸ್, ಮಾತಿಗೆ ಬ್ರೇಕಿಲ್ಲದವನು. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಅಷ್ಟಕ್ಕಷ್ಟೆ. ಒಂದು ಗ್ರಹದಿಂದ ಗಿಡಗಳ ಮಾದರಿ ತರಲು ಇಬ್ಬರೂ ಹೋಗುತ್ತಾರೆ. ದೇಹವನ್ನು ಕಣಕಣವಾಗಿ ಬಿಡಿಸಿ ಇನ್ನೊಂದು ಕಡೆ ಕೂಡಿಸುವ ಯಂತ್ರದಲ್ಲಿ ವಾಪಸು ಬರುವಾಗ, ಜೊತೆಗೆ ತಂದ ಒಂದು ಆರ್ಕಿಡ್ ಗಿಡದ ಗುಣದಿಂದಾಗಿ, ಇಬ್ಬರೂ ಬೆರೆತು ಒಬ್ಬನೇ ಇಳಿಯುತ್ತಾನೆ. ಇಬ್ಬರ ನೆನಪೂ ಅವನಲ್ಲಿದೆ, ಇಬ್ಬರ ಕೆಲಸವೂ ಅವನಿಗೆ ಬರುತ್ತದೆ. ಆದರೆ ಅವನು ಇಬ್ಬರಲ್ಲಿ ಯಾರೂ ಅಲ್ಲ. ಟುವಿಕ್ಸ್ ಎಂದು ಹೆಸರನ್ನು ತಾನೇ ಇಟ್ಟುಕೊಳ್ಳುತ್ತಾನೆ. ವಾರಗಳು ಕಳೆಯುತ್ತವೆ. ಅವನು ಒಳ್ಳೆಯ ಅಧಿಕಾರಿ, ಇನ್ನೂ ಒಳ್ಳೆಯ ಅಡುಗೆಯವನು, ಸುತ್ತಲಿನವರಿಗೆ ಗೆಳೆಯ ಆಗುತ್ತಾನೆ. ಆಗ ನೌಕೆಯ ವೈದ್ಯನಿಗೆ ಅವನನ್ನು ಮತ್ತೆ ಇಬ್ಬರನ್ನಾಗಿ ಬೇರ್ಪಡಿಸುವ ದಾರಿ ಸಿಗುತ್ತದೆ. ಟುವಿಕ್ಸ್ ಒಲ್ಲೆ ಅನ್ನುತ್ತಾನೆ, ತನಗೆ ಬದುಕಬೇಕು ಅನ್ನುತ್ತಾನೆ. ವೈದ್ಯ, ಒಪ್ಪಿಗೆಯಿಲ್ಲದೆ ಒಬ್ಬನ ಜೀವ ತೆಗೆಯಲಾರೆ ಎಂದು ಹಿಂದೆ ಸರಿಯುತ್ತಾನೆ. ಕ್ಯಾಪ್ಟನ್ ಜೇನ್‌ವೇ ತಾನೇ ಮುಂದೆ ಬಂದು ಯಂತ್ರ ನಡೆಸುತ್ತಾಳೆ. ಟುವಾಕ್ ಮತ್ತು ನೀಲಿಕ್ಸ್ ಇಬ್ಬರೂ ಗಟ್ಟಿಯಾಗಿ ನಿಂತಿರುತ್ತಾರೆ. ಆಕೆ ಅವರನ್ನು ಬರಮಾಡಿಕೊಂಡು ಹೊರಗೆ ನಡೆದು ಹೋಗುತ್ತಾಳೆ. ಮುಂದಿನ ವಾರ ಬೇರೆ ಕಥೆ.

ವಕೀಲ ಗೆಳೆಯ ಮೊದಲ ದಿನವೇ ತೀರ್ಪು ಕೊಟ್ಟಿದ್ದ. "ಇಬ್ಬರನ್ನ ಉಳಿಸಾಕ ಒಬ್ಬನ್ನ ಕಳದ್ರ ತಪ್ಪೇನೈತಿ? ಲೆಕ್ಕ ಸರಿ ಐತಲ್ಲ." ನರ್ಸ್ ಗೆಳತಿಗೆ ಈ ಲೆಕ್ಕ ಸಹಿಸಲಿಲ್ಲ. "ಹಂಗಾದ್ರ ನಮ್ಮ ವಾರ್ಡಿನಾಗ ಗಟ್ಟಿಮುಟ್ಟ ಇರೋ ಒಬ್ಬನ್ನ ಹಿಡದು ಕಿಡ್ನಿ ಒಬ್ಬರಿಗೆ, ಲಿವರ್ ಒಬ್ಬರಿಗೆ ಕೊಡೋದೇನಪಾ?" ತತ್ವಶಾಸ್ತ್ರದ ಪುಸ್ತಕಗಳಲ್ಲಿ ಇದೇ ಉದಾಹರಣೆ 1960ರ ದಶಕದಿಂದ ಓಡಾಡುತ್ತಿದೆ. ಅವಳು ಆ ಪುಸ್ತಕಗಳನ್ನು ಓದಿದವಳಲ್ಲ, ರಾತ್ರಿ ಪಾಳಿ ಮಾಡಿದವಳು. ಇಬ್ಬರು ದೊಡ್ಡವರು ಒಬ್ಬ ಚಿಕ್ಕವನು ಎಂಬ ಲೆಕ್ಕ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಹಾಗಿದ್ದೂ ಈ ಕಂತು ನೋಡುವಾಗ ನಮ್ಮಲ್ಲಿ ಅರ್ಧ ಮಂದಿ ಕ್ಯಾಪ್ಟನ್ ಕಡೆ ವಾಲಿದ್ದೆವು. ಯಾಕೆ ಎಂಬುದೇ ನನ್ನನ್ನು ಕಾಡಿದ್ದು.

ಈ ಜಗಳಕ್ಕೆ ಹೊಸ ತಿರುವು ಕೊಟ್ಟವರು ಬೆಟಗೇರಿ ಗೆಳೆಯನ ದೊಡ್ಡಪ್ಪ, ನಿವೃತ್ತ ಕನ್ನಡ ಮಾಸ್ತರರು. ಅಂಗಡಿಯ ಗಾದಿಯ ಮೇಲೆ ಕೂತು ನಮ್ಮ ಮಾತು ಕೇಳುತ್ತಿದ್ದವರು ಒಮ್ಮೆ ಕನ್ನಡಕ ತೆಗೆದು, "ಏ ಹುಡುಗೂರ, ಇದು ಜರಾಸಂಧನ ಕಥಿ ಅಲ್ಲೇನ್ರೋ?" ಅಂದರು. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬ ಇಟ್ಟುಕೊಂಡ ಊರು ನಮ್ಮದು. ಅವನು ಅದರ ಪಕ್ಕ ಕೂತೇ ಭಾರತ ಬರೆದ ಎಂದು ತೋರಿಸುತ್ತೇವೆ, ಹತ್ತು ಪರ್ವಗಳ ಆ ಕಾವ್ಯಕ್ಕೆ ಗದುಗಿನ ಭಾರತ ಎಂದೇ ಕರೆಯುತ್ತೇವೆ. ಹೀಗಿದ್ದೂ ನಮಗೆ ನಾಲ್ವರಿಗೂ ಹೊಳೆಯದ್ದು ಅವರಿಗೆ ಒಂದೇ ಏಟಿಗೆ ಹೊಳೆದಿತ್ತು.

ಮಗಧದ ಬೃಹದ್ರಥನಿಗೆ ಇಬ್ಬರು ಹೆಂಡಿರು, ಮಕ್ಕಳಿಲ್ಲ. ಋಷಿ ಕೊಟ್ಟ ಒಂದೇ ಮಾವಿನ ಹಣ್ಣನ್ನು ಇಬ್ಬರಿಗೂ ಹಂಚಿ ತಿನ್ನಿಸುತ್ತಾನೆ. ಒಬ್ಬೊಬ್ಬಳಿಗೆ ಅರ್ಧರ್ಧ ಮಗು ಹುಟ್ಟುತ್ತದೆ. ಹೆದರಿ ಹೊರಗೆ ಎಸೆದ ಆ ಎರಡು ಹೋಳುಗಳನ್ನು ಜರೆ ಎಂಬ ರಾಕ್ಷಸಿ ಕೂಡಿಸುತ್ತಾಳೆ. ಕೂಡಿದ ಕೂಡಲೇ ಮಗು ಅಳುತ್ತದೆ. ಜರೆ ಸಂಧಿಸಿದವನು ಜರಾಸಂಧ. ದೊಡ್ಡವನಾಗಿ ದೊರೆಯಾಗುತ್ತಾನೆ, ಕೃಷ್ಣನನ್ನು ಮಥುರೆಯಿಂದ ಓಡಿಸುತ್ತಾನೆ, ಅರಸರನ್ನು ಹಿಡಿದು ಬಲಿಗಾಗಿ ಸೆರೆಯಲ್ಲಿಡುತ್ತಾನೆ. ಧರ್ಮರಾಯನ ರಾಜಸೂಯಕ್ಕೆ ಅವನು ಅಡ್ಡಿ. ಭೀಮ ಅವನನ್ನು ಸೀಳುತ್ತಾನೆ. ನಮ್ಮ ಕಡೆ ದೊಡ್ಡಾಟ, ಪುರಾಣ, ಅಜ್ಜಿಕಥೆಗಳಲ್ಲಿ ಕೇಳಿದಂತೆ, ಸೀಳಿದ ಹೋಳು ಮತ್ತೆ ಮತ್ತೆ ಕೂಡಿಕೊಳ್ಳುತ್ತವೆ. ಆಗ ಕೃಷ್ಣ ಒಂದು ಕಡ್ಡಿ ಸೀಳಿ, ಎರಡು ಹೋಳನ್ನು ತಿರುವು ಮುರುವು ಎಸೆದು ತೋರಿಸುತ್ತಾನೆ.

ಮಾಸ್ತರರ ಹೋಲಿಕೆ ಮೊದಲಿಗೆ ನಗು ತರಿಸಿತು, ಆಮೇಲೆ ಕೆಲಸಕ್ಕೆ ಬಂತು. ಜರಾಸಂಧನನ್ನು ಬೇರ್ಪಡಿಸುವುದನ್ನು ಯಾರೂ 'ಆ ಎರಡು ಹೋಳುಗಳನ್ನು ವಾಪಸು ತಂದದ್ದು' ಅನ್ನುವುದಿಲ್ಲ. ಅದು ವಧೆ. ಕಾವ್ಯವೂ ವಧೆ ಎಂದೇ ಕರೆಯುತ್ತದೆ, ಕೃಷ್ಣನೂ ಅದನ್ನು ಮುಚ್ಚಿಡುವುದಿಲ್ಲ. ಹೋಳುಗಳಿಗೆ ಜೀವವಿರಲಿಲ್ಲ, ಹಾಗಾಗಿ ವಾಪಸು ಬರಲು ಯಾರೂ ಇರಲಿಲ್ಲ ಎಂದು ನೀವು ಹೇಳಬಹುದು. ಸರಿ. ಆದರೆ ಜರಾಸಂಧನ ಮಟ್ಟಿಗೆ ಏನು ವ್ಯತ್ಯಾಸ? ಹೋಳುಗಳು ಆಮೇಲೆ ಎದ್ದು ನಡೆದು ಹೋಗಿದ್ದರೆ ಅವನು ಸತ್ತದ್ದು ಸಾವಲ್ಲದೆ ಹೋಗುತ್ತಿತ್ತೇ? ಟುವಿಕ್ಸ್‌ನ ವಿಷಯದಲ್ಲಿ ನಮ್ಮ ಕಣ್ಣು ತಪ್ಪುವುದು ಇಲ್ಲಿಯೇ. ಎದುರಿಗೆ ಇಬ್ಬರು ನಗುತ್ತ ನಿಂತಿರುವಾಗ ಹೆಣ ಎಲ್ಲಿದೆ ಎಂದು ಹುಡುಕಲು ಮನಸ್ಸಾಗುವುದಿಲ್ಲ.

"ಹಂಗಲ್ಲ," ಅಂದ ವಕೀಲ. ಅವನು ಅಷ್ಟು ಸುಲಭಕ್ಕೆ ಬಿಡುವವನಲ್ಲ. "ಜರಾಸಂಧನ ಸೆರಿಮನ್ಯಾಗ ಅರಸರಿದ್ರು. ಅವರನ್ನ ಬಿಡಿಸಾಕ ಅವನ್ನ ಕೊಂದ್ರು. ಇಲ್ಲೂ ಅಷ್ಟ. ಟುವಿಕ್ಸ್ ಒಳಗ ಇಬ್ಬರು ಸೆರಿ ಅದಾರ." ಇದು ಕ್ಯಾಪ್ಟನ್ ಪರವಾಗಿ ನಾನು ಕೇಳಿದ ಅತಿ ಗಟ್ಟಿಯಾದ ವಾದ. ಲೆಕ್ಕದ ವಾದಕ್ಕಿಂತ ಎಷ್ಟೋ ಪಾಲು ಮೇಲು. ಆ ಇಬ್ಬರು ಸತ್ತಿಲ್ಲ, ಬಾಯಿ ಮಾತ್ರ ಹೋಗಿದೆ. ಅವರ ಪರವಾಗಿ ಮಾತಾಡಲು ಯಾರಾದರೂ ಬೇಕಲ್ಲ. ಜೇನ್‌ವೇ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಟುವಾಕ್‌ನಿಗೆ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ, ಅವರಿಗೆ ಅವನು ಬೇಕು ಅನ್ನುತ್ತಾಳೆ.

ಆದರೆ ಸೆರೆಯಾಳು ಎಂದರೆ ಏನು? ಬಿಡಿಸು ಎಂದು ಒಳಗಿನಿಂದ ಕೂಗುವವನು, ಕೂಗಲಾಗದಿದ್ದರೂ ಕೂಗಬೇಕೆಂದು ಹಂಬಲಿಸುವವನು. ಟುವಿಕ್ಸ್‌ನ ಒಳಗೆ ಅಂಥ ಯಾರೂ ಕಾಣುವುದಿಲ್ಲ. ಟುವಾಕ್‌ನ ನೆನಪು, ಹೆಂಡತಿಯ ಮೇಲಿನ ಪ್ರೀತಿ ಎಲ್ಲ ಅವನಲ್ಲಿ ಇದೆ. ನೀಲಿಕ್ಸ್‌ನ ಪ್ರೀತಿಯೂ ಇದೆ. ಆ ಎಲ್ಲವನ್ನೂ ಇಟ್ಟುಕೊಂಡೇ ಅವನು ಒಲ್ಲೆ ಅನ್ನುತ್ತಾನೆ. ಟುವಾಕ್ ಮತ್ತು ನೀಲಿಕ್ಸ್ ಏನು ಬಯಸುತ್ತಿದ್ದಿರಬಹುದು ಎಂಬುದಕ್ಕೆ ಇಡೀ ನೌಕೆಯಲ್ಲಿ ಒಬ್ಬನೇ ಸಾಕ್ಷಿ ಇರುವುದು, ಅವನೇ ಟುವಿಕ್ಸ್. ಅವನ ಮಾತು ಮಾತ್ರ ಲೆಕ್ಕಕ್ಕಿಲ್ಲ! "ತನ್ನ ಕೇಸಿನಾಗ ತಾನ ಸಾಕ್ಷಿ ಹೇಳಿದ್ರ ಯಾ ಜಡ್ಜ್ ನಂಬತಾನ?" ಅಂದ ವಕೀಲ. ಒಪ್ಪಿದೆ. ಆದರೆ ಆ ಕೋರ್ಟಿನಲ್ಲಿ ಜಡ್ಜಿಗೂ ಸ್ವಾರ್ಥ ಇತ್ತಲ್ಲ. ಜೇನ್‌ವೇಗೆ ಟುವಾಕ್ ಹಳೆಯ ಗೆಳೆಯ.

ಡೆರೆಕ್ ಪಾರ್ಫಿಟ್ ಎಂಬ ಇಂಗ್ಲೆಂಡಿನ ತತ್ವಜ್ಞಾನಿ 1971ರ ಒಂದು ಲೇಖನದಲ್ಲಿ ಇಬ್ಬರು ಬೆರೆತು ಒಬ್ಬರಾಗುವ ಸಾಧ್ಯತೆಯನ್ನು ಚರ್ಚೆಗೆ ಎತ್ತಿಕೊಂಡಿದ್ದ. 'ನಾನು ಅದೇ ನಾನೋ' ಎಂಬ ಪ್ರಶ್ನೆಗೆ ಹೌದು-ಇಲ್ಲ ಎಂಬ ಉತ್ತರವೇ ಇರಬೇಕೆಂದಿಲ್ಲ, ನೆನಪು ಸ್ವಭಾವಗಳು ಎಷ್ಟರಮಟ್ಟಿಗೆ ಮುಂದುವರಿದಿವೆ ಎಂಬುದಷ್ಟೇ ಮುಖ್ಯ ಎಂಬ ದಾರಿಯವನು ಅವನು. ಆ ದಾರಿಯಲ್ಲಿ ಹೋದರೆ ಟುವಾಕ್ ಮತ್ತು ನೀಲಿಕ್ಸ್ ಪೂರ್ತಿ ಹೋಗಿಲ್ಲ, ಟುವಿಕ್ಸ್‌ನಲ್ಲಿ ಒಂದಿಷ್ಟು ಬಾಳುತ್ತಿದ್ದಾರೆ. ಆಗ ಬೇರ್ಪಡಿಸುವ ಅವಸರವೇ ಕಡಿಮೆಯಾಗುತ್ತದೆ. ಕಾರ್ನಾಡರ 'ಹಯವದನ'ವೂ ನಮಗೆ ನೆನಪಾಯಿತು. ಆದರೆ ಅಲ್ಲಿ ರುಂಡ ಮುಂಡ ಅದಲುಬದಲಾದವರಲ್ಲಿ ಯಾರು ಯಾರು ಎಂಬುದು ತೊಡಕು. ಇಲ್ಲಿ ಯಾರು ಎಂಬುದರಲ್ಲಿ ಸಂಶಯವೇ ಇಲ್ಲ. ಎದುರಿಗಿರುವವನು ಟುವಿಕ್ಸ್.

ನರ್ಸ್ ಗೆಳತಿ ನಿಜದ ಒಂದು ಪ್ರಕರಣ ತಂದಳು. 2000ದಲ್ಲಿ ಇಂಗ್ಲೆಂಡಿನಲ್ಲಿ ಅಂಟಿಕೊಂಡು ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು. ಕೋರ್ಟು ಅವರಿಗೆ ಜೋಡಿ, ಮೇರಿ ಎಂಬ ಬದಲಿ ಹೆಸರಿಟ್ಟಿತ್ತು. ಮೇರಿ ಬದುಕಿದ್ದು ಜೋಡಿಯ ಹೃದಯದ ಬಲದ ಮೇಲೆ. ಬೇರ್ಪಡಿಸಿದರೆ ಮೇರಿ ಸಾಯುವುದು ಖಂಡಿತ, ಬೇರ್ಪಡಿಸದಿದ್ದರೆ ಕೆಲ ತಿಂಗಳಲ್ಲಿ ಇಬ್ಬರೂ ಹೋಗುತ್ತಾರೆ. ತಂದೆತಾಯಿ ಬೇಡ ಅಂದರು. ಮೇಲ್ಮನವಿ ನ್ಯಾಯಾಲಯ ಶಸ್ತ್ರಚಿಕಿತ್ಸೆಗೆ ಅನುಮತಿ ಕೊಟ್ಟಿತು. ನವೆಂಬರಿನಲ್ಲಿ ಮೇರಿ ತೀರಿಕೊಂಡಳು, ಜೋಡಿ ಬದುಕಿದಳು. ಆ ತೀರ್ಪನ್ನು ಸರಿ ಅನ್ನುವವರಿಗೂ ಸುಮ್ಮನೆ ನಿದ್ದೆ ಬರುವಂಥ ತೀರ್ಪಲ್ಲ ಅದು. ಆದರೆ ಅಲ್ಲಿ ಸುಮ್ಮನಿದ್ದರೆ ಇಬ್ಬರೂ ಸಾಯುತ್ತಿದ್ದರು. ಟುವಿಕ್ಸ್ ಆರೋಗ್ಯವಂತ. ಅವನನ್ನು ಬಿಟ್ಟುಬಿಟ್ಟಿದ್ದರೆ ಯಾರೂ ಸಾಯುತ್ತಿರಲಿಲ್ಲ, ಹೋದವರು ಹೋದವರಾಗಿಯೇ ಉಳಿಯುತ್ತಿದ್ದರು, ಅಷ್ಟೆ.

'ಅಷ್ಟೆ' ಅಂದುಬಿಟ್ಟೆ. ಆ ಅಷ್ಟೆಯ ಭಾರ ಸಣ್ಣದಲ್ಲ ಎಂಬುದು ನನಗೆ ಗೊತ್ತು. ಯಾಕೆಂದರೆ ನಾನೂ ಒಂದು ಲೆಕ್ಕದಲ್ಲಿ ಹೋದವರ ಜಾಗದಲ್ಲಿ ಬಂದವನು.

ನಮ್ಮ ಕಡೆ ಮನೆಯಲ್ಲಿ ತೀರಿಕೊಂಡವರ ಹೆಸರನ್ನು ಆಮೇಲೆ ಹುಟ್ಟಿದ ಕೂಸಿಗೆ ಇಡುವ ರೂಢಿ ಇದೆ. ಅಜ್ಜನ ಹೆಸರು ಇಟ್ಟ ಮೊಮ್ಮಗನನ್ನು ಸೊಸೆಯಂದಿರು ಹೆಸರು ಹಿಡಿದು ಕರೆಯಲಾರದೆ 'ಅಜ್ಜಪ್ಪ' ಎಂದು ಕರೆಯುವುದನ್ನು ಶಿರಹಟ್ಟಿ, ಲಕ್ಷ್ಮೇಶ್ವರದ ಯಾವ ಓಣಿಯಲ್ಲಾದರೂ ಕೇಳಬಹುದು. ನನಗೆ ಇಟ್ಟದ್ದು ಕಾಕಾನ ಹೆಸರು. ಅವನು ಹತ್ತೊಂಬತ್ತರಲ್ಲಿ ಜ್ವರ ಬಂದು ತೀರಿಕೊಂಡಿದ್ದ, ನಾನು ಹುಟ್ಟುವುದಕ್ಕೆ ಎರಡು ವರ್ಷ ಮುಂಚೆ. ತೊಟ್ಟಿಲಿಗೆ ಹಾಕಿದ ದಿನದಿಂದ ಬಂದವರೆಲ್ಲ "ಅವನ ಬಂದಾನ ನೋಡ್ರಿ" ಅನ್ನುತ್ತಿದ್ದರಂತೆ. ನಾನು ರೊಟ್ಟಿಯ ಅಂಚು ಮುರಿದು ಮೊದಲು ತಿಂದರೆ ಅಜ್ಜಿ ಕೈ ನಿಲ್ಲಿಸಿ ನೋಡುತ್ತಿದ್ದಳು. "ಅಂವನೂ ಹಿಂಗ ತಿಂತಿದ್ದ." ಎಡಗೈಯಿಂದ ಚೆಂಡು ಎಸೆದರೆ ಸುಮ್ಮನಾಗುತ್ತಿದ್ದಳು, ಯಾಕೆಂದರೆ ಅವನು ಬಲಗೈಯವನು. ಅವಳು ನನ್ನನ್ನು ಪ್ರೀತಿಸಿದ್ದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅವಳ ನೋಟ ನನ್ನ ಮೇಲೆ ನಿಂತು ನನ್ನನ್ನು ದಾಟಿ ಹೋಗುತ್ತಿತ್ತು. ಹಿಂದೆ ಯಾರೋ ನಿಂತಿದ್ದಾರೇನೋ ಎಂದು ಸಣ್ಣವನಿದ್ದಾಗ ತಿರುಗಿ ನೋಡಿದ್ದೂ ಉಂಟು.

ಟುವಿಕ್ಸ್ ನೌಕೆಯಲ್ಲಿ ಓಡಾಡುವಾಗ ಎಲ್ಲರ ಕಣ್ಣಲ್ಲೂ ನಾನು ಕಂಡದ್ದು ಆ ನೋಟ. ಅದರಲ್ಲೂ ಕೆಸ್‌ಳದು. ಆಕೆ ನೀಲಿಕ್ಸ್‌ನ ಪ್ರಿಯತಮೆ, ಟುವಾಕ್‌ನ ಶಿಷ್ಯೆ. ಎರಡು ಕಡೆಯಿಂದಲೂ ಅವಳಿಗೇ ಪೆಟ್ಟು. ಕ್ಯಾಪ್ಟನ್ ಹತ್ತಿರ ತನ್ನ ಪರವಾಗಿ ಮಾತಾಡು ಎಂದು ಟುವಿಕ್ಸ್ ಅವಳನ್ನು ಕೇಳಿಕೊಳ್ಳುತ್ತಾನೆ. ಅವಳು ಕ್ಯಾಪ್ಟನ್ ಬಳಿ ಹೋಗಿ, ಅವನ ಪರವಾಗಿ ಮಾತಾಡಲು ಆಗದೆ, ನನಗೆ ನೀಲಿಕ್ಸ್ ಬೇಕು ಎಂದು ಅತ್ತುಬಿಡುತ್ತಾಳೆ. ಅಭಿಮಾನಿಗಳಲ್ಲಿ ಎಷ್ಟೋ ಮಂದಿ ಇದಕ್ಕೆ ಅವಳ ಮೇಲೆ ಸಿಟ್ಟಾಗಿದ್ದಾರೆ. ನನಗೆ ಸಿಟ್ಟು ಬರುವುದಿಲ್ಲ. ದುಃಖದಲ್ಲಿರುವವರು ಏನನ್ನಾದರೂ ಬಯಸಬಹುದು, ನ್ಯಾಯವಾದದ್ದನ್ನೇ ಬಯಸಬೇಕು ಎಂದು ಅವರಿಗೆ ಕಟ್ಟು ಹಾಕಲಾಗದು.

ಜಗಳದ ಬಿಸಿಯಲ್ಲಿ ವಕೀಲ ಒಮ್ಮೆ ಕೇಳಿಯೇಬಿಟ್ಟ: "ನಿಮ್ಮ ಅಜ್ಜಿಗೆ ಯಾರರ ಬಂದು, ಈ ಹುಡುಗನ್ನ ಕೊಟ್ರ ಆ ಹುಡುಗನ್ನ ವಾಪಸ್ ಕೊಡ್ತೀನಿ ಅಂದಿದ್ರ?" ಗೆಳತಿ ಅವನನ್ನು ಗದರಿದಳು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಪ್ರಶ್ನೆ ಸರಿಯಾದ ಜಾಗಕ್ಕೇ ಮುಟ್ಟಿತ್ತು. ಅಜ್ಜಿ ಈಗ ಇಲ್ಲ. ನಾನು ಎಂಟು ತಿಂಗಳ ಕೂಸಾಗಿದ್ದಾಗ, ಮಗನ ಬಟ್ಟೆ ಇನ್ನೂ ಟ್ರಂಕಿನಲ್ಲಿದ್ದಾಗ, ಒಂದು ನಡುರಾತ್ರಿ ಕೇಳಿದ್ದರೆ ಹೂಂ ಅನ್ನುತ್ತಿದ್ದಳೇನೋ. ಅಂದಿದ್ದರೂ ಅವಳು ನನಗೆ ಅದೇ ಅಜ್ಜಿಯೇ. ಹಾಗೆ ಕೇಳುವ ಅಧಿಕಾರ ಇರುವ ಯಾರೂ ನಮ್ಮ ಮನೆ ಬಾಗಿಲಿಗೆ ಬರಲಿಲ್ಲ ಎಂಬುದೇ ನನ್ನ ಪುಣ್ಯ. ಕೆಸ್ ಅತ್ತದ್ದು ತಪ್ಪಲ್ಲ, ಕ್ಯಾಪ್ಟನ್ ಆ ಅಳುವನ್ನು ಆಜ್ಞೆಯಾಗಿ ಮಾಡಿದ್ದು ತಪ್ಪು. ಮನೆಯವರ ಸಂಕಟ ಮತ್ತು ಎದುರಿಗಿರುವವನ ಜೀವ, ಈ ಎರಡರ ನಡುವೆ ನಿಲ್ಲಲೆಂದೇ ಆಕೆಗೆ ಆ ಕುರ್ಚಿ ಇದ್ದದ್ದು. ನೌಕೆಯಲ್ಲಿ ಆ ಕೆಲಸ ಮಾಡಿದವನು ವೈದ್ಯ ಒಬ್ಬನೇ. ಅವನೋ ಮನುಷ್ಯನೂ ಅಲ್ಲ, ಬೆಳಕಿನಿಂದ ಮಾಡಿದ ಒಂದು ಕಂಪ್ಯೂಟರ್ ಪ್ರೋಗ್ರಾಮು. ಅವನನ್ನು ವ್ಯಕ್ತಿ ಎಂದು ಪರಿಗಣಿಸಬೇಕೋ ಬೇಡವೋ ಎಂಬುದೇ ಆ ನೌಕೆಯಲ್ಲಿ ಇನ್ನೂ ಇತ್ಯರ್ಥವಾಗಿರುವುದಿಲ್ಲ.

ನನ್ನನ್ನು ಹೆಚ್ಚು ಕಲಕಿದ್ದು ಯಂತ್ರ ನಡೆಸಿದ ಕ್ಷಣಕ್ಕಿಂತ ಅದಕ್ಕೆ ಮುಂಚಿನದು. ಭದ್ರತೆಯವರು ಕರೆದೊಯ್ಯಲು ಬಂದಾಗ ಟುವಿಕ್ಸ್ ನೌಕೆಯ ಚಾಲನಾ ಕೊಠಡಿಯಲ್ಲಿ ಒಬ್ಬೊಬ್ಬರ ಕಡೆಗೂ ತಿರುಗಿ ಬೇಡುತ್ತಾನೆ. ಅವರೆಲ್ಲ ಅವನ ಕೈಯಡುಗೆ ಉಂಡವರು, ಅವನ ಮಾತಿಗೆ ನಕ್ಕವರು. ಒಬ್ಬರೂ ತುಟಿ ಬಿಚ್ಚುವುದಿಲ್ಲ. ಕೆಲವರು ಮುಖ ಕೆಳಗೆ ಹಾಕುತ್ತಾರೆ. ಸೀರೆ ಅಂಗಡಿಯ ಗೆಳೆಯ ಮೂರು ತಿಂಗಳು ನಮ್ಮ ಜಗಳ ಕೇಳಿಕೊಂಡು ಸುಮ್ಮನಿದ್ದವನು, ಆ ದೃಶ್ಯದ ಬಗ್ಗೆ ಮಾತ್ರ ಒಂದು ಮಾತು ಹೇಳಿದ: "ಅವರು ಕೆಟ್ಟವರಲ್ಲೋ. ಅವರಿಗೂ ಟುವಾಕ್ ಬೇಕಾಗಿದ್ದ. ತಾವು ಬಾಯಿ ಬಿಟ್ರ ಅಂವ ಬರಂಗಿಲ್ಲ ಅಂತ ಗೊತ್ತಿತ್ತು." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಮಗೆ ಬೇಕಾದದ್ದು ಬೇರೆಯವರ ಕೈಯಿಂದ ಆಗುತ್ತಿದ್ದರೆ, ಕಣ್ಣು ಕೆಳಗೆ ಹಾಕುವುದು ಎಷ್ಟು ಸಲೀಸು. ಆ ಕೊಠಡಿಯಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬುದನ್ನು ಪ್ರಬಂಧ ಬರೆಯುವವನ ಧೈರ್ಯದಿಂದ ಹೇಳುವುದು ಬೇಡ.

2023ರಲ್ಲಿ ಇದೇ ಸರಣಿಯ 'ಲೋಯರ್ ಡೆಕ್ಸ್' ಎಂಬ ಕಾರ್ಟೂನು ಈ ಕಂತನ್ನು ಇಟ್ಟುಕೊಂಡು ತಮಾಷೆ ಮಾಡಿತು. ಒಬ್ಬರಿಗೊಬ್ಬರು ಬೆರೆತು ಬೆರೆತು ನೌಕೆ ತುಂಬ ಟುವಿಕ್ಸ್‌ಗಳಾಗುತ್ತಾರೆ, ಜೇನ್‌ವೇ ಮಾಡಿದ್ದನ್ನು ಕೇಳಿದ ಪಾತ್ರಗಳೇ ಹೌಹಾರುತ್ತಾರೆ. ಚೆನ್ನಾಗಿತ್ತು, ನಕ್ಕೆವು. ಬರೆಯುವವರಿಗೂ ಇಪ್ಪತ್ತೇಳು ವರ್ಷ ಅದು ಗಂಟಲಲ್ಲಿ ಸಿಕ್ಕಿಕೊಂಡಿತ್ತು ಎಂದು ಕಾಣುತ್ತದೆ.

ಮಾಸ್ತರರು ಕೊನೆಗೆ ಎತ್ತಿದ ಮಾತು ಬೇರೆ. ಜರಾಸಂಧ ಸತ್ತ ಮೇಲೆ ಅವನ ಮಗ ಸಹದೇವನನ್ನು ಕೃಷ್ಣ ಪಟ್ಟಕ್ಕೆ ಕೂರಿಸುತ್ತಾನೆ. ಕೊಂದವರೇ ಕೊಂದವನ ಮನೆಯಲ್ಲಿ ನಿಂತು ಅವನಿಗೆ ಮಗನಿದ್ದಾನೆ, ರಾಜ್ಯವಿದೆ ಎಂದು ಒಪ್ಪಿಕೊಳ್ಳುತ್ತಾರೆ. ಅವನು ಇದ್ದ ಎಂಬುದಕ್ಕೆ ಅಷ್ಟಾದರೂ ಗುರುತು. "ನಿಮ್ಮಂವಗ ಏನು ಮಾಡಿದ್ರು?" ಎಂದು ಕೇಳಿದರು. ಏನೂ ಇಲ್ಲ, ಅಂದೆ. ಹೆಣವಿಲ್ಲ, ಮಣ್ಣಿಲ್ಲ, ಮೂರನೆಯ ದಿನವಿಲ್ಲ. ಅವನ ಮೈಯ ಪ್ರತಿ ಕಣವೂ ಇನ್ನಿಬ್ಬರಲ್ಲಿ ಹಂಚಿ ಹೋಗಿದೆ, ಆ ಇಬ್ಬರೂ ಬಂದದ್ದಕ್ಕೆ ನೌಕೆಯಲ್ಲಿ ಸಂತೋಷ. ಅವನಿಗಾಗಿ ಅಳುವವರು ಯಾರ ಮುಂದೆ ಅಳಬೇಕು? ಸಾಯುವ ಮುಂಚೆ ಅವನು ಎಲ್ಲರನ್ನೂ ಕ್ಷಮಿಸಿದ್ದೇನೆ ಅನ್ನುತ್ತಾನೆ. ಅದನ್ನು ನೆನಪಿಟ್ಟುಕೊಂಡವರು ಇದ್ದರೆ ಟುವಾಕ್ ಮತ್ತು ನೀಲಿಕ್ಸ್ ಇಬ್ಬರೇ ಇರಬೇಕು. ಕಂತು ಅದನ್ನು ತೋರಿಸುವುದಿಲ್ಲ. ಇಬ್ಬರೂ ತಮ್ಮ ಕೈಕಾಲು ನೋಡಿಕೊಳ್ಳುತ್ತಾರೆ, ಕ್ಯಾಪ್ಟನ್ ಒಂದೆರಡು ಮಾತು ಆಡುತ್ತಾಳೆ. ಆಮೇಲೆ ಉದ್ದನೆಯ ಹಾದಿಯಲ್ಲಿ ಆಕೆಯೊಬ್ಬಳೇ ನಡೆದು ಹೋಗುತ್ತಾಳೆ, ಕ್ಯಾಮೆರಾ ಅವಳ ಮುಖವನ್ನು ಕೊಂಚ ಹೊತ್ತು ಹಿಡಿದು ಬಿಟ್ಟುಬಿಡುತ್ತದೆ.